ರಕ್ತ ಕಾರುವ ರೋಗಕ್ಕೆ ರಬ್ಬರ್ ಉಂಗುರ

‘ರಕ್ತ ಕಾರಿ ಸಾಯುತ್ತೀಯೆ’ ಎಂಬುದು ಕನ್ನಡ ನಾಡಿನ ಹಳೆಯ ಶಾಪಗಳಲ್ಲಿ ಒಂದು. ದೇವರ ಮುಂದೆ ಸುಳ್ಳು ಆಣೆ ಇಟ್ಟವನು, ಹರಕೆ ತಪ್ಪಿದವನು, ಮೆಟ್ಟಬಾರದ ಜಾಗ ಮೆಟ್ಟಿದವನು ರಕ್ತ ಕಾರಿ ಸಾಯುತ್ತಾನೆ ಎಂಬ ನಂಬಿಕೆ ಬಯಲುಸೀಮೆಯಲ್ಲೂ ಉಂಟು, ಮಲೆನಾಡಿನಲ್ಲೂ ಉಂಟು. ಮಾಟ, ಕೈಮದ್ದು, ಚೌಡಿಯ ಹೊಡೆತ ಎಂದು ಊರಿಂದೂರಿಗೆ ಕಾರಣದ ಹೆಸರು ಬದಲಾಗುತ್ತದೆ. ವರ್ಣನೆ ಮಾತ್ರ ಎಲ್ಲ ಕಡೆಯೂ ಒಂದೇ. ನಿನ್ನೆಯವರೆಗೆ ಓಡಾಡಿಕೊಂಡಿದ್ದ ಮನುಷ್ಯ; ಮೈಮೇಲೆ ಗಾಯವಿಲ್ಲ, ಹೊಟ್ಟೆನೋವೂ ಇಲ್ಲ; ಇದ್ದಕ್ಕಿದ್ದಂತೆ ಬೊಗಸೆಗಟ್ಟಲೆ ರಕ್ತ ವಾಂತಿ ಮಾಡಿಕೊಂಡು ಬೆಳಗಾಗುವುದರೊಳಗೆ ತೀರಿಕೊಂಡ.

ಇದೇ ವರ್ಣನೆಯನ್ನು ಇಂದಿನ ವೈದ್ಯರ ಮುಂದಿಟ್ಟರೆ ಅವರ ಮನಸ್ಸಿಗೆ ಮೊದಲು ಬರುವ ಕಾರಣಗಳಲ್ಲಿ ಒಂದು, ಅನ್ನನಾಳದ ಕೆಳತುದಿಯಲ್ಲಿ ಉಬ್ಬಿಕೊಂಡ ಅಭಿಧಮನಿಗಳು ಒಡೆಯುವುದು. ರಕ್ತವಾಂತಿಗೆ ಇದೊಂದೇ ಕಾರಣವಲ್ಲ. ಜಠರದ ಹುಣ್ಣಿನಿಂದಲೂ ರಕ್ತ ಬರುತ್ತದೆ. ಆದರೆ ನೋವಿನ ಮುನ್ಸೂಚನೆ ಕೊಡದೆ, ಒಮ್ಮೆಗೇ ಅಷ್ಟೊಂದು ರಕ್ತ ಹೊರಹಾಕುವುದು ಈ ಉಬ್ಬುನಾಳಗಳ ಲಕ್ಷಣ. ಬರಿಗಣ್ಣಿಗೆ ಕಾಣದ ಜಾಗದಲ್ಲಿ ನಡೆಯುವ ಈ ಅನಾಹುತಕ್ಕೆ ಹಿಂದಿನವರು ದೈವವನ್ನೋ ಶತ್ರುವನ್ನೋ ಹೊಣೆ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಜಾಗವನ್ನು ಕಣ್ಣಾರೆ ನೋಡಿ, ಅಲ್ಲಿಯೇ ರಕ್ತವನ್ನು ಕಟ್ಟಿಹಾಕುವ ಉಪಾಯ ಮನುಷ್ಯನ ಕೈಗೆ ಬಂದು ಇನ್ನೂ ನೂರು ವರ್ಷವೂ ಆಗಿಲ್ಲ.

ಮುಚ್ಚಿದ ಮೇಲ್ಸೇತುವೆ, ತುಂಬಿದ ಅಡ್ಡರಸ್ತೆ

ತೊಂದರೆ ಕಾಣಿಸುವುದು ಅನ್ನನಾಳದಲ್ಲಾದರೂ ಅದರ ಮೂಲ ಇರುವುದು ಬೇರೆಡೆ. ಕರುಳು, ಜಠರ ಮತ್ತು ಗುಲ್ಮದಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಅದೆಲ್ಲ ಒಂದು ದೊಡ್ಡ ನಾಳದಲ್ಲಿ ಕೂಡಿ ಮೊದಲು ಯಕೃತ್ತಿಗೆ, ಅಂದರೆ ಲಿವರ್‌ಗೆ, ಬರುತ್ತದೆ. ಈ ನಾಳಕ್ಕೆ ಪೋರ್ಟಲ್ ಅಭಿಧಮನಿ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಪೋರ್ಟಾ ಎಂದರೆ ಬಾಗಿಲು. ಯಕೃತ್ತಿಗೆ ಸೇರುವ ರಕ್ತದಲ್ಲಿ ಮುಕ್ಕಾಲು ಪಾಲು ಈ ಬಾಗಿಲಿನಿಂದಲೇ ಒಳಬರುತ್ತದೆ. ಉಂಡ ಅನ್ನದ ಸಾರ, ನುಂಗಿದ ಔಷಧಿ, ಕುಡಿದ ಹೆಂಡ ಎಲ್ಲವೂ ಇಲ್ಲಿ ಸೋಸಿಹೋದ ಮೇಲೆಯೇ ಉಳಿದ ದೇಹಕ್ಕೆ ರವಾನೆ.

ಆರೋಗ್ಯವಾಗಿರುವ ಯಕೃತ್ತು ಮೆತ್ತಗಿನ ಸ್ಪಂಜಿನಂತೆ ಈ ರಕ್ತವನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ವರ್ಷಗಟ್ಟಲೆ ಗಾಸಿಗೊಂಡು, ಗಾಯದ ಕಲೆಗಳು ತುಂಬಿ, ಗಂಟುಗಂಟಾಗಿ ಗಡಸಾದ ಯಕೃತ್ತು ಹಾಗೆ ಮಾಡಲಾರದು. ಈ ಸ್ಥಿತಿಯೇ ಸಿರೋಸಿಸ್. ಆಗ ರಕ್ತ ಬಾಗಿಲಲ್ಲೇ ನಿಲ್ಲುತ್ತದೆ, ಹಿಂದಿನ ನಾಳಗಳಲ್ಲಿ ಒತ್ತಡ ಏರುತ್ತದೆ.

ಮುಂದೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಟಿ. ದಾಸರಹಳ್ಳಿಯ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೊರಗುಂಟೆಪಾಳ್ಯದಿಂದ ನಾಗಸಂದ್ರದ ಕಡೆಗೆ ತುಮಕೂರು ರಸ್ತೆಯ ಮೇಲೆ ಸಾಗುವ ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡುಬಂದು 2021ರ ಡಿಸೆಂಬರ್‌ನಲ್ಲಿ ಅದನ್ನು ಮುಚ್ಚಲಾಯಿತು. 2022ರ ಫೆಬ್ರುವರಿಯಲ್ಲಿ ಲಘು ವಾಹನಗಳಿಗೆ ಮಾತ್ರ ಅದು ತೆರೆಯಿತು. ಲಾರಿ, ಬಸ್ಸುಗಳು ಮತ್ತೆ ಮೇಲೇರಲು 2024ರ ಜುಲೈವರೆಗೆ ಕಾಯಬೇಕಾಯಿತು. ಅಲ್ಲಿಯತನಕ ಮೇಲೆ ಹೋಗಬೇಕಾಗಿದ್ದ ಭಾರವೆಲ್ಲ ಕೆಳಗಿನ ರಸ್ತೆಗೆ ಬಿತ್ತು. ವಾಹನಗಳು ನಿಂತಲ್ಲೇ ನಿಲ್ಲುವುದಿಲ್ಲ; ಸರ್ವೀಸ್ ರಸ್ತೆ, ಅಡ್ಡರಸ್ತೆ, ಬಡಾವಣೆಯ ಓಣಿ ಎಂದು ಸಿಕ್ಕ ದಾರಿ ಹಿಡಿದು ನುಗ್ಗುತ್ತವೆ. ಆ ಓಣಿಗಳು ಅಷ್ಟು ಭಾರ ಹೊರುವುದಕ್ಕೆಂದು ಮಾಡಿದವಲ್ಲ.

ದೇಹದಲ್ಲೂ ಹೀಗೆಯೇ. ಯಕೃತ್ತಿನ ದಾರಿ ಬಿಗಿಯಾದಾಗ ರಕ್ತ ಅಡ್ಡದಾರಿಗಳನ್ನು ಹುಡುಕುತ್ತದೆ. ಅಂಥ ಒಂದು ಅಡ್ಡದಾರಿ ಅನ್ನನಾಳದ ಕೆಳತುದಿಯಲ್ಲಿ, ಒಳಪೊರೆಯ ಅಡಿಯಲ್ಲೇ ಹಾದುಹೋಗುವ ಸಣ್ಣ ಅಭಿಧಮನಿಗಳು. ಸಾಮಾನ್ಯವಾಗಿ ಎಳೆಗಳಂತಿರುವ ಇವು ಹೆಚ್ಚಿನ ರಕ್ತ ಹರಿದಾಗ ಅಂಕುಡೊಂಕಾಗಿ ಊದಿಕೊಳ್ಳುತ್ತವೆ. ಪೋರ್ಟಲ್ ನಾಳಕ್ಕೂ ಯಕೃತ್ತಿನಿಂದ ಹೊರಹೋಗುವ ನಾಳಕ್ಕೂ ನಡುವಿನ ಒತ್ತಡದ ವ್ಯತ್ಯಾಸ ಆರೋಗ್ಯವಂತರಲ್ಲಿ ಪಾದರಸದ 5 ಮಿಲಿಮೀಟರ್ ಮೀರುವುದಿಲ್ಲ. ಅದು 10 ಮುಟ್ಟಿದರೆ ಉಬ್ಬುನಾಳಗಳು ಮೂಡಬಹುದು. 12 ದಾಟಿದರೆ ಅವು ಒಡೆಯುವ ಭಯ. ಗೋಡೆ ತೆಳ್ಳಗಾದ ನಾಳ ಒಂದು ದಿನ ಬಿರಿಯುತ್ತದೆ. ಕಾಯಿಲೆಯ ಯಕೃತ್ತು ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೂ ಸರಿಯಾಗಿ ತಯಾರಿಸಲಾರದ ಕಾರಣ ಸೋರಿಕೆ ತಾನಾಗಿ ನಿಲ್ಲುವುದೂ ಕಷ್ಟ.

ಎಲ್ಲರೂ ಕುಡುಕರಲ್ಲ

ಶಾಪದ ಕಾಲ ಹೋದರೂ ರೋಗಿಯನ್ನೇ ದೂರುವ ಅಭ್ಯಾಸ ಹೋಗಿಲ್ಲ. ರಕ್ತ ವಾಂತಿಯಾಯಿತು, ಲಿವರ್ ಹಾಳಾಗಿದೆ ಎಂದೊಡನೆ ‘ಕುಡೀತಿದ್ದ’ ಎಂದು ನೆರೆಹೊರೆ ತೀರ್ಮಾನ ಕೊಡುತ್ತದೆ. ಮದ್ಯ ದೊಡ್ಡ ಕಾರಣವೆಂಬುದು ನಿಜ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು; ಆದರೆ ಕುಡಿಯುವವರ ಕೈಗೆ ಸಾರಾಯಿ ಪ್ಯಾಕೆಟ್ಟಿನ ಬದಲು ಅಗ್ಗದ ವಿಸ್ಕಿ, ರಮ್ಮುಗಳು ಬಂದವು. ಯಕೃತ್ತಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ಆದರೆ ಒಂದು ತೊಟ್ಟೂ ಕುಡಿಯದವರಲ್ಲೂ ಈ ಕಾಯಿಲೆ ಬರುತ್ತದೆ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್ಸುಗಳು ದಶಕಗಳ ಕಾಲ ಸದ್ದಿಲ್ಲದೆ ಯಕೃತ್ತನ್ನು ಕೊರೆಯುತ್ತವೆ. ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆಗೆ ಬರುವ ಕೊಬ್ಬಿದ ಯಕೃತ್ತು ಈಗ ಮುಖ್ಯ ಕಾರಣಗಳ ಸಾಲಿಗೆ ಸೇರಿದೆ. ಇನ್ನು ಕೆಲವರಲ್ಲಿ ಯಕೃತ್ತು ಬಹುಮಟ್ಟಿಗೆ ಸರಿಯಾಗಿಯೇ ಇದ್ದು, ಪೋರ್ಟಲ್ ನಾಳದ ಸಣ್ಣ ಕವಲುಗಳು ಮಾತ್ರ ಗಡಸಾಗುತ್ತವೆ. ಪಾಶ್ಚಾತ್ಯ ದೇಶಗಳಲ್ಲಿ ಅಪರೂಪವಾದ ಈ ರೋಗವನ್ನು ಭಾರತದ ವೈದ್ಯರು ಹೆಚ್ಚಾಗಿ ಕಂಡಿದ್ದಾರೆ, ಅದರ ಬಗ್ಗೆ ಹೆಚ್ಚಾಗಿ ಬರೆದಿದ್ದಾರೆ.

ಎಲ್ಲಕ್ಕಿಂತ ಮನ ಕಲಕುವುದು ಮಕ್ಕಳ ವಿಷಯ. ಹಸುಗೂಸಾಗಿದ್ದಾಗ ಹೊಕ್ಕುಳಿಗೆ ತಗುಲಿದ ನಂಜಿನಿಂದಲೋ ಬೇರೆ ಕಾರಣದಿಂದಲೋ ಪೋರ್ಟಲ್ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುತ್ತದೆ. ವರ್ಷಗಳ ನಂತರ, ಚೆನ್ನಾಗಿ ಆಡಿಕೊಂಡಿದ್ದ ಮಗು ಇದ್ದಕ್ಕಿದ್ದಂತೆ ರಕ್ತ ವಾಂತಿ ಮಾಡುತ್ತದೆ. ಹೊಟ್ಟೆ ಮುಟ್ಟಿ ನೋಡಿದರೆ ಗುಲ್ಮ ದೊಡ್ಡದಾಗಿರುತ್ತದೆ. ಯಕೃತ್ತಿಗೆ ಏನೂ ಆಗಿರುವುದಿಲ್ಲ. ಭಾರತದಲ್ಲಿ ಮಕ್ಕಳ ದೊಡ್ಡ ಪ್ರಮಾಣದ ರಕ್ತವಾಂತಿಗೆ ಇದೊಂದು ಪ್ರಮುಖ ಕಾರಣ. ಸಕಾಲದಲ್ಲಿ ರಕ್ತ ನಿಲ್ಲಿಸಿದರೆ ಇಂಥ ಮಕ್ಕಳು ಬದುಕಿ ಬಾಳುವ ಸಾಧ್ಯತೆ ಹೆಚ್ಚು. ದೃಷ್ಟಿ ತೆಗೆಸುವುದರಲ್ಲಿ, ತಾಯಿತ ಕಟ್ಟಿಸುವುದರಲ್ಲಿ ಕಳೆದ ಗಂಟೆಗಳ ಬೆಲೆ ಇಲ್ಲಿ ಅತಿ ದೊಡ್ಡದು.

ಕತ್ತಿ ನುಂಗುವವನಿಂದ ಕಲಿತ ಪಾಠ

ದೇಹದ ರಂಧ್ರಗಳೊಳಗೆ ಇಣುಕಿ ನೋಡುವ ಆಸೆ ಹಳೆಯದು. ಸುಶ್ರುತ ಸಂಹಿತೆಯಲ್ಲಿ ನಾಡೀಯಂತ್ರಗಳೆಂಬ ಕೊಳವೆಯಾಕಾರದ ಉಪಕರಣಗಳ ವಿವರವಿದೆ. ಒಳಗೆ ಸಿಕ್ಕಿಕೊಂಡ ವಸ್ತುವನ್ನು ತೆಗೆಯುವುದರ ಜೊತೆಗೆ ರೋಗವನ್ನು ನೋಡುವುದೂ ಅವುಗಳ ಉದ್ದೇಶವೆಂದು ಅಲ್ಲಿ ಹೇಳಿದೆ. ಹಠಯೋಗಿಗಳು ಧೌತಿ ಎಂಬ ಕ್ರಿಯೆಯಲ್ಲಿ ಉದ್ದನೆಯ ಒದ್ದೆ ಬಟ್ಟೆಯನ್ನು ನುಂಗಿ ಹೊರತೆಗೆಯುತ್ತಿದ್ದರು. ಗಂಟಲು ಅಭ್ಯಾಸಕ್ಕೆ ಒಗ್ಗುತ್ತದೆ ಎಂಬುದು ನಮ್ಮವರಿಗೆ ತಿಳಿದಿತ್ತು. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ರಂಗಶಾಲೆಗಳಲ್ಲಿ ಕತ್ತಿ ನುಂಗಿ ಹೆಸರು ಮಾಡಿದ ‘ರಾಮೋ ಸಾಮಿ’ ಕೂಡ ಭಾರತದಿಂದ ಹೋದ ಆಟಗಾರನೇ.

ಈ ಬೀದಿ ವಿದ್ಯೆಯನ್ನು ವೈದ್ಯವಿದ್ಯೆಗೆ ತಂದವನು ಜರ್ಮನಿಯ ಅಡಾಲ್ಫ್ ಕುಸ್‌ಮೌಲ್. ಫ್ರೈಬರ್ಗ್ ನಗರದಲ್ಲಿ 1868ರಲ್ಲಿ ಅವನು ಕತ್ತಿ ನುಂಗುವವನೊಬ್ಬನನ್ನು ಕರೆಸಿ, ನೇರವಾದ ಲೋಹದ ಕೊಳವೆಯನ್ನು ಅವನ ಗಂಟಲಿನ ಮೂಲಕ ಜಠರದವರೆಗೆ ಇಳಿಸಿ ನೋಡಿದ. ಕೊಳವೆಯೇನೋ ಇಳಿಯಿತು, ಬೆಳಕು ಮಾತ್ರ ಸಾಲಲಿಲ್ಲ. ಬಗ್ಗದ ಕೊಳವೆ ನುಂಗುವುದು ಸಾಮಾನ್ಯ ರೋಗಿಗೆ ಸಾಧ್ಯವೂ ಇರಲಿಲ್ಲ. ಸ್ವಲ್ಪ ಮಟ್ಟಿಗೆ ಬಾಗುವ ಕೊಳವೆಯನ್ನು ಅದೇ ದೇಶದ ರುಡಾಲ್ಫ್ ಶಿಂಡ್ಲರ್ 1932ರಲ್ಲಿ ಬಳಕೆಗೆ ತಂದ. ಆದರೂ ಪರೀಕ್ಷೆ ರೋಗಿಗೆ ಶಿಕ್ಷೆಯಾಗಿಯೇ ಉಳಿಯಿತು.

ದಾರಿ ತೆರೆದದ್ದು ಗಾಜಿನ ಎಳೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಸಂಶೋಧನೆ ನಡೆಸಿ, ಕೂದಲೆಳೆಯಂಥ ಗಾಜಿನ ತಂತುಗಳ ಕಟ್ಟಿನ ಮೂಲಕ ಬೆಳಕನ್ನೂ ಚಿತ್ರವನ್ನೂ ಬಾಗಿಸಿ ಒಯ್ಯಬಹುದೆಂದು 1954ರಲ್ಲಿ ತೋರಿಸಿದರು. ಇದನ್ನು ಓದಿದ ಬೇಸಿಲ್ ಹಿರ್ಶೋವಿಟ್ಜ್ ಎಂಬ ವೈದ್ಯ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಹೋದ್ಯೋಗಿಗಳೊಡನೆ ಬಳುಕುವ ಎಂಡೋಸ್ಕೋಪ್ ತಯಾರಿಸಿ, 1957ರಲ್ಲಿ ಅದನ್ನು ಮೊದಲು ತಾನೇ ನುಂಗಿ ನೋಡಿಕೊಂಡ. 1980ರ ದಶಕದಲ್ಲಿ ಕೊಳವೆಯ ತುದಿಗೆ ಪುಟ್ಟ ಕ್ಯಾಮೆರಾ ಬಂತು. ಅಲ್ಲಿಂದೀಚೆಗೆ ಒಬ್ಬರು ಕಣ್ಣು ಕಿರಿದು ಮಾಡಿ ನೋಡುತ್ತಿದ್ದುದನ್ನು ಕೋಣೆಯಲ್ಲಿದ್ದವರೆಲ್ಲ ಪರದೆಯ ಮೇಲೆ ನೋಡುವಂತಾಯಿತು.

ಮೂಲವ್ಯಾಧಿಯ ಉಪಾಯ ಅನ್ನನಾಳಕ್ಕೆ

ನೋಡಿದರೆ ಸಾಕೆ? ರಕ್ತ ನಿಲ್ಲಬೇಕಲ್ಲ. ಸ್ವೀಡನ್ನಿನ ಕ್ರಾಫೂರ್ಡ್ ಮತ್ತು ಫ್ರೆಂಕ್ನರ್ 1939ರಲ್ಲಿ ಬಗ್ಗದ ಕೊಳವೆಯ ಮೂಲಕವೇ ಉಬ್ಬುನಾಳಕ್ಕೆ ಕ್ವಿನೈನ್ ಬೆರೆತ ದ್ರಾವಣವನ್ನು ಚುಚ್ಚಿ, ಅದು ಗಟ್ಟಿಯಾಗಿ ಮುಚ್ಚಿಹೋಗುವಂತೆ ಮಾಡಿದ್ದನ್ನು ವರದಿ ಮಾಡಿದರು. ಮಲೇರಿಯಾದ ಔಷಧಿ ಹೀಗೊಂದು ಹೊಸ ಕೆಲಸಕ್ಕೆ ಬಂತು. ಆದರೆ ಆ ಕಾಲದ ವೈದ್ಯಲೋಕಕ್ಕೆ ಶಸ್ತ್ರಚಿಕಿತ್ಸೆಯ ಮೇಲೆ ಹೆಚ್ಚು ಭರವಸೆ. ಹೊಟ್ಟೆ ಕೊಯ್ದು ಪೋರ್ಟಲ್ ನಾಳವನ್ನು ಬೇರೊಂದು ದೊಡ್ಡ ಅಭಿಧಮನಿಗೆ ಜೋಡಿಸಿದರೆ ಒತ್ತಡ ಇಳಿಯುತ್ತಿತ್ತು ನಿಜ. ಸೋತ ಯಕೃತ್ತಿನ ರೋಗಿ ಅಂಥ ದೊಡ್ಡ ಶಸ್ತ್ರಚಿಕಿತ್ಸೆಯನ್ನು ತಾಳಿಕೊಳ್ಳುವುದು ಮಾತ್ರ ಕಷ್ಟವಾಗಿತ್ತು. ಸೋಸದ ರಕ್ತ ಮಿದುಳಿಗೆ ಹೋಗಿ ರೋಗಿ ಮಂಕಾಗುವ ತೊಂದರೆಯೂ ಇತ್ತು. 1950ರಲ್ಲಿ ಸೆಂಗ್‌ಸ್ಟೇಕನ್ ಮತ್ತು ಬ್ಲೇಕ್‌ಮೋರ್ ರೂಪಿಸಿದ ರಬ್ಬರ್ ಬಲೂನಿನ ಕೊಳವೆ, ಒಳಗಿನಿಂದ ಒತ್ತಿ ಹಿಡಿದು ತಾತ್ಕಾಲಿಕವಾಗಿ ರಕ್ತ ತಡೆಯುತ್ತಿತ್ತು. ಗಾಳಿ ತೆಗೆದರೆ ರಕ್ತ ಮತ್ತೆ ಜಿನುಗುವ ಭಯ ಇದ್ದೇ ಇತ್ತು.

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಜಾನ್‌ಸ್ಟನ್ ಮತ್ತು ರಾಜರ್ಸ್ 1973ರಲ್ಲಿ ತಮ್ಮ 15 ವರ್ಷಗಳ ಚುಚ್ಚುಮದ್ದಿನ ಅನುಭವವನ್ನು ಪ್ರಕಟಿಸಿದಾಗ ಸ್ವೀಡನ್ನಿನ ಹಳೆಯ ಉಪಾಯಕ್ಕೆ ಮತ್ತೆ ಜೀವ ಬಂತು. ಬಳುಕುವ ಎಂಡೋಸ್ಕೋಪ್ ಅದನ್ನು ಸುಲಭ ಮಾಡಿತು. 1980ರ ದಶಕದಲ್ಲಿ ಭಾರತದ ದೊಡ್ಡ ಆಸ್ಪತ್ರೆಗಳಲ್ಲೂ ಇದು ರೂಢಿಗೆ ಬಂತು. ಆದರೆ ಚುಚ್ಚಿದ ರಾಸಾಯನಿಕ ನಾಳವನ್ನಷ್ಟೇ ಸುಡುವುದಿಲ್ಲ. ಅನ್ನನಾಳದ ಗೋಡೆಯಲ್ಲಿ ಆಳವಾದ ಹುಣ್ಣು ಮಾಡಿ, ಮುಂದೆ ದಾರಿಯನ್ನೇ ಕಿರಿದುಗೊಳಿಸುವ ಅಪಾಯವೂ ಇತ್ತು.

ಉತ್ತರ ಸಿಕ್ಕಿದ್ದು ಜೀರ್ಣಾಂಗದ ಇನ್ನೊಂದು ತುದಿಯಲ್ಲಿ. ಮೂಲವ್ಯಾಧಿಯ ಗಂಟುಗಳಿಗೆ ಬುಡದಲ್ಲಿ ರಬ್ಬರ್ ಉಂಗುರ ಹಾಕಿ ಒಣಗಿಸುವ ಪದ್ಧತಿ 1960ರ ದಶಕದಿಂದಲೂ ಬಳಕೆಯಲ್ಲಿತ್ತು. ಅದೂ ಉಬ್ಬಿದ ಅಭಿಧಮನಿಯೇ, ಇದೂ ಉಬ್ಬಿದ ಅಭಿಧಮನಿಯೇ ಎಂದು ಯೋಚಿಸಿದ ಅಮೆರಿಕದ ಡೆನ್ವರ್ ನಗರದ ಶಸ್ತ್ರವೈದ್ಯ ಗ್ರೆಗ್ ಸ್ಟೀಗ್‌ಮನ್, ಎಂಡೋಸ್ಕೋಪಿನ ತುದಿಯಿಂದಲೇ ಉಂಗುರ ತೊಡಿಸುವ ಸಾಧನವನ್ನು 1986ರ ವೇಳೆಗೆ ಸಿದ್ಧಪಡಿಸಿದ. 1992ರಲ್ಲಿ ಅವನೂ ಸಂಗಡಿಗರೂ 129 ರೋಗಿಗಳ ಮೇಲಿನ ಹೋಲಿಕೆಯನ್ನು ಪ್ರಕಟಿಸಿದರು. ಚುಚ್ಚುಮದ್ದು ಪಡೆದವರಲ್ಲಿ ಶೇ. 45 ಮಂದಿ ಸತ್ತಿದ್ದರೆ, ಉಂಗುರ ಹಾಕಿಸಿಕೊಂಡವರಲ್ಲಿ ಆ ಪ್ರಮಾಣ ಶೇ. 28. ಚಿಕಿತ್ಸೆಯಿಂದಲೇ ಆಗುವ ತೊಂದರೆಗಳು ಶೇ. 22ರಿಂದ ಶೇ. 2ಕ್ಕೆ ಇಳಿದಿದ್ದವು. ಅಲ್ಲಿಂದೀಚೆಗೆ ಅನ್ನನಾಳದ ಉಬ್ಬುನಾಳಗಳಿಗೆ ಉಂಗುರವೇ ಮೊದಲ ಆಯ್ಕೆ.

ಪೀಣ್ಯದ ಯಂತ್ರ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಇಂಥ ಉಂಗುರ ಹೊಸದೇನಲ್ಲ. ಪೈಪಿನ ಕೀಲಿನಲ್ಲಿ ಎಣ್ಣೆ ಸೋರದಂತೆ ಕೂರಿಸುವ ಓ-ರಿಂಗಿನ ಪುಟ್ಟ ತಮ್ಮನೆಂದರೂ ಸರಿಯೆ.

ಆ ರಾತ್ರಿ ನಡೆಯುವುದೇನು?

ರಕ್ತ ಕಾರಿದ ರೋಗಿ ಆಸ್ಪತ್ರೆ ತಲುಪಿದೊಡನೆ ಎಂಡೋಸ್ಕೋಪ್ ಕೈಗೆತ್ತಿಕೊಳ್ಳುವುದಿಲ್ಲ. ಮೊದಲು ಉಸಿರು, ನಾಡಿ, ರಕ್ತದೊತ್ತಡ ಹಿಡಿತಕ್ಕೆ ಬರಬೇಕು. ಡ್ರಿಪ್ ಹಾಕಿ, ಅಗತ್ಯವಿದ್ದರೆ ರಕ್ತ ಕೊಡುತ್ತಾರೆ. ಇಲ್ಲೊಂದು ಸ್ವಾರಸ್ಯದ ಸಂಗತಿಯಿದೆ. ಹೋದಷ್ಟೂ ರಕ್ತವನ್ನು ತುಂಬಿಕೊಡುವುದು ಒಳ್ಳೆಯದೆಂದು ಯಾರಿಗಾದರೂ ಅನಿಸುತ್ತದೆ. ಸ್ಪೇನಿನ ಬಾರ್ಸಿಲೋನಾದಲ್ಲಿ 921 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಹಾಗಲ್ಲವೆಂದು ತೋರಿಸಿತು. ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿಳಿದಾಗ ಮಾತ್ರ ರಕ್ತ ಕೊಟ್ಟ ಗುಂಪಿನಲ್ಲಿ ಬದುಕುಳಿದವರು ಹೆಚ್ಚು. ಉಬ್ಬುನಾಳದ ರೋಗಿಯಲ್ಲಿ ಅತಿಯಾಗಿ ರಕ್ತ ತುಂಬಿದರೆ ಒತ್ತಡ ಮತ್ತೆ ಏರಿ, ನಿಂತ ಸೋರಿಕೆ ಪುನಃ ಶುರುವಾಗಬಹುದು. ‘ಇನ್ನೂ ಎರಡು ಬಾಟಲಿ ಹಾಕಿ ಡಾಕ್ಟ್ರೇ’ ಎಂದು ಮನೆಯವರು ಗೋಗರೆದಾಗ ವೈದ್ಯರು ತಡೆಯುವುದು ಜಿಪುಣತನದಿಂದಲ್ಲ.

ಇದರ ಜೊತೆಗೆ ಕರುಳಿನ ರಕ್ತನಾಳಗಳನ್ನು ಕುಗ್ಗಿಸಿ ಪೋರ್ಟಲ್ ಒತ್ತಡ ತಗ್ಗಿಸುವ ಟೆರ್ಲಿಪ್ರೆಸಿನ್, ಆಕ್ಟ್ರಿಯೋಟೈಡ್‌ನಂಥ ಔಷಧಿಗಳನ್ನು ಎಂಡೋಸ್ಕೋಪಿಗೆ ಮೊದಲೇ ಶುರು ಮಾಡುತ್ತಾರೆ. ಇಂಥ ರೋಗಿಗಳಿಗೆ ಸೋಂಕು ಬೇಗ ತಗುಲಿ ಪ್ರಾಣಕ್ಕೆ ಎರವಾಗುವುದರಿಂದ ಆಂಟಿಬಯಾಟಿಕ್ ಚುಚ್ಚುಮದ್ದನ್ನೂ ಕೊಡುತ್ತಾರೆ. ನಂತರ, ರೋಗಿ ಬಂದ 12 ಗಂಟೆಗಳೊಳಗೆ ಎಂಡೋಸ್ಕೋಪಿ ಆಗಬೇಕೆಂಬುದು ಇಂದು ಜಗತ್ತಿನಾದ್ಯಂತ ಒಪ್ಪಿದ ನಿಯಮ.

ಎಂಡೋಸ್ಕೋಪ್ ಕಿರುಬೆರಳಿನ ಗಾತ್ರದ, ಸುಮಾರು ಒಂದು ಮೀಟರ್ ಉದ್ದದ ಕೊಳವೆ. ಅದರ ತುದಿಗೆ ಪಾರದರ್ಶಕ ಟೊಪ್ಪಿಗೆಯೊಂದನ್ನು ಸಿಕ್ಕಿಸಿರುತ್ತಾರೆ. ಟೊಪ್ಪಿಗೆಯ ಹೊರಸುತ್ತಿನಲ್ಲಿ ಆರೋ ಏಳೋ ರಬ್ಬರ್ ಉಂಗುರಗಳು ಹಿಗ್ಗಿಸಿ ಕೂರಿಸಿದಂತೆ ಇರುತ್ತವೆ. ಹಲ್ಲಿನಿಂದ ಸುಮಾರು 40 ಸೆಂಟಿಮೀಟರ್ ಕೆಳಗೆ, ಅನ್ನನಾಳ ಜಠರವನ್ನು ಕೂಡುವ ಜಾಗದಲ್ಲಿ, ನೀಲಿ ಛಾಯೆಯ ಉಬ್ಬುನಾಳಗಳು ಕಾಣಿಸುತ್ತವೆ. ವೈದ್ಯರು ತುದಿಯನ್ನು ನಾಳಕ್ಕೆ ಒತ್ತಿ ಹಿಡಿದು, ಕೊಳವೆಯ ಮೂಲಕ ಗಾಳಿ ಎಳೆದಾಗ ಉಬ್ಬು ಟೊಪ್ಪಿಗೆಯೊಳಗೆ ಬಂದು ತುಂಬಿಕೊಳ್ಳುತ್ತದೆ. ಆಗ ಕೈಯ ಬಳಿಯ ಚಕ್ರವನ್ನು ತಿರುವಿದರೆ ದಾರ ಎಳೆದು ಒಂದು ಉಂಗುರ ಜಾರಿ ಉಬ್ಬಿನ ಬುಡಕ್ಕೆ ಬಿಗಿದುಕೊಳ್ಳುತ್ತದೆ. ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹೀಗೆ ಕಟ್ಟುತ್ತ ಬರುತ್ತಾರೆ. ಬಿಗಿದ ಭಾಗ ಕೆಲವು ದಿನಗಳಲ್ಲಿ ಒಣಗಿ ಉಂಗುರದ ಸಮೇತ ಕಳಚಿ ಹೊಟ್ಟೆಗೆ ಹೋಗುತ್ತದೆ. ಆ ಜಾಗದಲ್ಲಿ ಉಳಿಯುವ ಸಣ್ಣ ಹುಣ್ಣು ಎರಡು ಮೂರು ವಾರಗಳಲ್ಲಿ ಮಾಯುತ್ತದೆ. ಆ ಅವಧಿಯಲ್ಲಿ ಹುಣ್ಣಿನಿಂದಲೇ ರಕ್ತ ಬರುವ ಅಪಾಯ ಸ್ವಲ್ಪ ಉಂಟು. ಮೊದಲ ದಿನಗಳಲ್ಲಿ ಮೆತ್ತಗಿನ ಆಹಾರ ತಿನ್ನಬೇಕೆನ್ನುವುದು ಅದಕ್ಕೇ.

ಉಬ್ಬುನಾಳ ಜಠರದೊಳಗಿದ್ದರೆ ಉಂಗುರ ಅಷ್ಟಾಗಿ ನಿಲ್ಲುವುದಿಲ್ಲ. ಅಲ್ಲಿ ರಕ್ತ ತಗುಲಿದೊಡನೆ ಗಟ್ಟಿಯಾಗುವ ಒಂದು ಬಗೆಯ ಅಂಟನ್ನು ಚುಚ್ಚುತ್ತಾರೆ. ಜಠರದ ಉಬ್ಬುನಾಳಗಳನ್ನು ಅವು ಇರುವ ಜಾಗದ ಮೇಲೆ ವಿಂಗಡಿಸುವ ಕ್ರಮವನ್ನು ದೆಹಲಿಯ ವೈದ್ಯ ಎಸ್.ಕೆ. ಸರೀನ್ ಮತ್ತು ಸಂಗಡಿಗರು 1992ರಲ್ಲಿ 568 ರೋಗಿಗಳನ್ನು ಪರೀಕ್ಷಿಸಿ ರೂಪಿಸಿದರು. ಇಂದಿಗೂ ವೈದ್ಯರು ಅದೇ ಹೆಸರುಗಳನ್ನು ಬಳಸುತ್ತಾರೆ. ಉಂಗುರ, ಅಂಟು ಎರಡೂ ಸೋತಾಗ ಹಳೆಯ ಬಲೂನು ಒಂದು ದಿನದ ಮಟ್ಟಿಗೆ ಆಸರೆಯಾಗುತ್ತದೆ. ಅಷ್ಟರಲ್ಲಿ ಕತ್ತಿನ ರಕ್ತನಾಳದ ಮೂಲಕ ಹೋಗಿ ಯಕೃತ್ತಿನೊಳಗೇ ಲೋಹದ ಜಾಲರಿಯ ಸುರಂಗ ಮಾಡಿ ಒತ್ತಡ ಇಳಿಸುವ ಏರ್ಪಾಟು ನಡೆಯುತ್ತದೆ.

ಇವೆಲ್ಲ ಸೇರಿ ಆದ ಬದಲಾವಣೆ ಸಣ್ಣದಲ್ಲ. ಪ್ಯಾರಿಸ್ಸಿನ ಆಸ್ಪತ್ರೆಯೊಂದರ 20 ವರ್ಷಗಳ ದಾಖಲೆಯಂತೆ, 1980ರಲ್ಲಿ ಈ ರಕ್ತಸ್ರಾವಕ್ಕೆ ದಾಖಲಾದ ಸಿರೋಸಿಸ್ ರೋಗಿಗಳಲ್ಲಿ ಆಸ್ಪತ್ರೆಯಲ್ಲೇ ಸಾಯುತ್ತಿದ್ದವರು ಶೇ. 43ರ ಸುಮಾರು. 2000ದ ವೇಳೆಗೆ ಅದು ಶೇ. 15ರ ಆಸುಪಾಸಿಗೆ ಬಂದಿತ್ತು.

ದಾಸರಹಳ್ಳಿಯಿಂದ ಆಸ್ಪತ್ರೆಯವರೆಗೆ

ಈ ಲೆಕ್ಕವೆಲ್ಲ ಆಸ್ಪತ್ರೆ ಮುಟ್ಟಿದವರದು. ಟಿ. ದಾಸರಹಳ್ಳಿ, ಬಾಗಲಗುಂಟೆ, ಚೊಕ್ಕಸಂದ್ರದ ಬಾಡಿಗೆ ಕೋಣೆಗಳಲ್ಲಿ ಪೀಣ್ಯದ ಲೇತು, ಗಾರ್ಮೆಂಟ್ಸ್‌ಗಳಿಗೆ ದುಡಿಯಲು ಬಂದ ಸಾವಿರಾರು ಮಂದಿ ಇದ್ದಾರೆ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು, ಪಾಳಿ ಮುಗಿಸಿ ಒಬ್ಬರೇ ಮಲಗುವವರು ಅವರಲ್ಲಿ ಎಷ್ಟೋ ಜನ. ಇಂಥ ಕಡೆ ಪಕ್ಕದ ಕೋಣೆಯವರ ತಿಳಿವಳಿಕೆಯೇ ಪ್ರಾಣ ಉಳಿಸುವ ಮೊದಲ ಔಷಧಿ.

ರಕ್ತ ವಾಂತಿಯಾದರೆ, ಅಥವಾ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ವಾಸನೆಯ ಮಲ ಹೋದರೆ, ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಫೋನ್ ಮಾಡಬೇಕು. ವಾಂತಿ ಶ್ವಾಸಕೋಶಕ್ಕೆ ಇಳಿಯದಂತೆ ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಬೇಕು. ನೀರು, ಮಜ್ಜಿಗೆ, ನಿಂಬೆರಸ ಏನನ್ನೂ ಕುಡಿಸಬಾರದು. ಕೈಮದ್ದು ಹಾಕಿದ್ದಾರೆಂದು ‘ಮದ್ದು ಕಕ್ಕಿಸುವ’ವರ ಬಳಿಗೆ ಕರೆದೊಯ್ಯುವುದು ಕಾಲಹರಣ ಮಾತ್ರವಲ್ಲ, ಬಲವಂತದ ವಾಂತಿ ಇಂಥವರಿಗೆ ಅಪಾಯ. ನುಂಗುತ್ತಿದ್ದ ಮಾತ್ರೆಗಳ ಚೀಟಿ, ಹಳೆಯ ಸ್ಕ್ಯಾನಿಂಗ್ ವರದಿ ಜೊತೆಗಿರಲಿ. ಕುಡಿಯುವ ಅಭ್ಯಾಸವಿದ್ದರೆ ವೈದ್ಯರಿಂದ ಮುಚ್ಚಿಡಬಾರದು. ಕುಡಿತ ಹಠಾತ್ತನೆ ನಿಂತಾಗ ಬರುವ ನಡುಕ, ಭ್ರಮೆಗಳಿಗೂ ಅವರು ಸಿದ್ಧರಾಗಿರಬೇಕಾಗುತ್ತದೆ.

ಹತ್ತಿರದ ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ ಸೌಲಭ್ಯವಿಲ್ಲದಿದ್ದರೂ ಡ್ರಿಪ್ಪು ಮತ್ತು ಒತ್ತಡ ತಗ್ಗಿಸುವ ಚುಚ್ಚುಮದ್ದು ಅಲ್ಲಿಯೇ ಶುರುವಾದರೆ ಮುಂದಿನ ಪ್ರಯಾಣ ಸುರಕ್ಷಿತ. 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಈಗ ಜಠರ, ಕರುಳು ಮತ್ತು ಯಕೃತ್ತಿನ ಕಾಯಿಲೆಗಳಿಗೆಂದೇ ಮೀಸಲಾದ ಸರ್ಕಾರಿ ಸಂಸ್ಥೆಯಿದೆ. ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವೂ ಉಂಟು. ಇ.ಎಸ್.ಐ. ಚೀಟಿ ಇರುವ ಕಾರ್ಮಿಕರಿಗೆ ಪೀಣ್ಯ ಮತ್ತು ರಾಜಾಜಿನಗರದಲ್ಲಿ ಇ.ಎಸ್.ಐ. ಆಸ್ಪತ್ರೆಗಳಿವೆ.

ಸೋರಿಕೆ ನಿಂತಿತು, ಒತ್ತಡ ಉಳಿಯಿತು

ನಾಲ್ಕೈದು ದಿನಕ್ಕೆ ರೋಗಿ ಎದ್ದು ಓಡಾಡತೊಡಗಿದಾಗ ಮನೆಯವರಿಗೆ ಗಂಡಾಂತರ ಕಳೆದಂತೆ ತೋರುತ್ತದೆ. ನಿಜವಾಗಿ ಕಳೆದಿರುವುದು ಮೊದಲ ಗಂಡಾಂತರ. ಉಂಗುರ ಅಡ್ಡದಾರಿಯ ಬಿರುಕನ್ನು ಮುಚ್ಚಿದೆಯೇ ಹೊರತು ಮುಖ್ಯರಸ್ತೆಯನ್ನು ತೆರೆದಿಲ್ಲ. ಯಕೃತ್ತು ಗಡಸಾಗಿಯೇ ಇದೆ, ಒತ್ತಡ ಹಾಗೆಯೇ ಇದೆ. ಹೀಗೆಯೇ ಬಿಟ್ಟರೆ ಒಂದೆರಡು ವರ್ಷದೊಳಗೆ ಮತ್ತೆ ರಕ್ತ ಬರುವ ಸಂಭವ ಅರ್ಧಕ್ಕಿಂತ ಹೆಚ್ಚು.

ಆದ್ದರಿಂದ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಮತ್ತೆ ಎಂಡೋಸ್ಕೋಪಿ ಮಾಡಿ ಉಳಿದ ಉಬ್ಬುಗಳಿಗೂ ಉಂಗುರ ಹಾಕಬೇಕು. ಎಲ್ಲವೂ ಅಳಿಯಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ಬಾರಿ ಬೇಕಾಗುತ್ತದೆ. ಆಮೇಲೂ ಮೂರು ತಿಂಗಳಿಗೆ, ಆರು ತಿಂಗಳಿಗೆ ಒಮ್ಮೆ ನೋಡುತ್ತಿರಬೇಕು. ಇದರ ಜೊತೆಗೆ ದಿನವೂ ಪ್ರೊಪ್ರನಲಾಲ್ ಅಥವಾ ಕಾರ್ವೆಡಿಲಾಲ್ ಮಾತ್ರೆ. ಹೃದಯದ ಬಡಿತ ಇಳಿಸುವ ಪ್ರೊಪ್ರನಲಾಲ್ ಪೋರ್ಟಲ್ ಒತ್ತಡವನ್ನೂ ಇಳಿಸುತ್ತದೆಂದು ಪ್ಯಾರಿಸ್ಸಿನ ಡಿಡಿಯೆ ಲೆಬ್ರೆಕ್ ಮತ್ತು ಸಂಗಡಿಗರು 1980ರ ಸುಮಾರಿಗೆ ತೋರಿಸಿಕೊಟ್ಟರು. ಉಂಗುರ, ಮಾತ್ರೆ ಎರಡೂ ಸೇರಿದಾಗಲೇ ಹೆಚ್ಚಿನ ರಕ್ಷಣೆ.

ಮೂಲ ಕಾರಣಕ್ಕೂ ಮದ್ದು ಬೇಕು. ಕುಡಿತ ಸಂಪೂರ್ಣ ಬಿಟ್ಟವರಲ್ಲಿ ಯಕೃತ್ತು ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಹೆಪಟೈಟಿಸ್ ಸಿ ಇಂದು ಬಹುಪಾಲು ರೋಗಿಗಳಲ್ಲಿ ಮೂರು ತಿಂಗಳ ಮಾತ್ರೆಗಳಿಂದ ಪೂರ್ತಿ ವಾಸಿಯಾಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಅದು ಉಚಿತ. ಹೆಪಟೈಟಿಸ್ ಬಿಯನ್ನು ಹತೋಟಿಯಲ್ಲಿಡುವ ಮಾತ್ರೆಗಳಿವೆ, ತಡೆಯುವ ಲಸಿಕೆಯಿದೆ. ಪೋರ್ಟಲ್ ನಾಳ ಮುಚ್ಚಿದ ಕೆಲವು ಮಕ್ಕಳಿಗೆ ಶಸ್ತ್ರಚಿಕಿತ್ಸೆಯಿಂದ ಹೊಸ ದಾರಿ ಮಾಡಿಕೊಡಬಹುದು. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್‌ಗಳನ್ನು ಮಾತ್ರ ಇವರೆಲ್ಲರೂ ದೂರವಿಡಬೇಕು.

ತೊಡಕಾಗುವುದು ಇಲ್ಲಿಯೇ. ಮೊದಲ ರಾತ್ರಿ ರಕ್ತ ನೋಡಿ ಬೆದರಿದ ಮನೆಮಂದಿಯೆಲ್ಲ ಓಡುತ್ತಾರೆ. ಎರಡನೆಯ ಬಾರಿಗೆ ಹೆದರಿಸಲು ರಕ್ತವಿಲ್ಲ, ಮೈ ಹಗುರವಾಗಿದೆ, ಒಂದು ದಿನದ ಕೂಲಿ ಹೋಗುತ್ತದೆ. ಇ.ಎಸ್.ಐ.ಗೆ ಸೇರಿದ ಅರ್ಹ ಕಾರ್ಮಿಕರಿಗೆ ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟು ಕಾಯಿಲೆ ಭತ್ಯೆ ಉಂಟೆಂಬುದು ಇಂಥ ವೇಳೆ ನೆನಪಿಡಬೇಕಾದ ವಿಷಯ. ಆ ಚೀಟಿ ಇಲ್ಲದ ದಿನಗೂಲಿಯವರಿಗೆ ಮಾಲೀಕರು, ಮೇಸ್ತ್ರಿಗಳು ಒಂದು ದಿನ ಬಿಟ್ಟುಕೊಟ್ಟರೆ ಅದೇ ದೊಡ್ಡ ಉಪಕಾರ.

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಚೀಟಿಯ ಕೆಳಗೆ ಮುಂದಿನ ಎಂಡೋಸ್ಕೋಪಿಯ ತಾರೀಖು ಬರೆದಿರುತ್ತದೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಗುರುತು ಹಾಕಿ, ಅಂದು ರೋಗಿಯನ್ನು ಕರೆದುಕೊಂಡು ಹೋಗುವುದು ಮನೆಯವರು ಮಾಡಬಹುದಾದ ಅತಿ ದೊಡ್ಡ ಚಿಕಿತ್ಸೆ.